ಕರಗಿದರಷ್ಟೇ ಸಾಲದು

ಹೆರಿಗೆಯ ನಂತರದ ರಕ್ತಸ್ರಾವ ಔಷಧಿಗೆ ಬಗ್ಗದಿದ್ದಾಗ ಗರ್ಭಕೋಶ ತೆಗೆಯದೆಯೇ ಜೀವ ಉಳಿಸುವ ದಾರಿಯೊಂದಿದೆ. ತೊಡೆಸಂದಿಯ ಧಮನಿಯಲ್ಲಿ ಕ್ಯಾತಿಟರ್ ತೂರಿಸಿ, ಎಕ್ಸ್‌-ರೇ ಪರದೆ ನೋಡುತ್ತ ಗರ್ಭಕೋಶದ ಧಮನಿ ತಲುಪಿ, ಅದನ್ನು ಒಳಗಿನಿಂದಲೇ ಮುಚ್ಚುತ್ತಾರೆ. ಮುಚ್ಚುವ ಸಾಮಗ್ರಿ ತಯಾರಾಗುವುದು ಅಲ್ಲೇ, ಮೇಜಿನ ಮೇಲೆ. ಜೆಲಾಟಿನ್ ಸ್ಪಂಜಿನ ಹಾಳೆಯನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಕಾಂಟ್ರಾಸ್ಟ್ ದ್ರವದ ಜೊತೆ ಸಿರಿಂಜಿಗೆ ತುಂಬಿ, ತ್ರೀ-ವೇ ಕವಾಟದ ಮೂಲಕ ಇನ್ನೊಂದು ಸಿರಿಂಜಿಗೆ ತಳ್ಳಿ, ಮತ್ತೆ ಈಚೆಗೆ ಎಳೆದು, ಗಂಜಿಯ ಹದ ಬರುವವರೆಗೆ ಆಡಿಸುತ್ತಾರೆ. 1940ರ ದಶಕದಲ್ಲಿ ಶಸ್ತ್ರಚಿಕಿತ್ಸೆಗೆಂದು ಬಂದ ಈ ಸ್ಪಂಜು ಕೆಲವು ವಾರಗಳಲ್ಲಿ ಕರಗುತ್ತದೆ. ನಾಳ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಮುಟ್ಟು ಮರಳುತ್ತದೆ, ಮುಂದೆ ಬಸುರಿಯಾದವರೂ ಇದ್ದಾರೆ.

ಕೈಯಿಂದ ಕತ್ತರಿಸಿದ ತುಂಡುಗಳು ಒಂದೇ ಅಳತೆಯಲ್ಲಿ ಇರುವುದಿಲ್ಲ. ತೀರಾ ಸಣ್ಣವು ದೂರದ ಕವಲುಗಳಿಗೆ ಹೋಗಿ ಕೂತು, ಬೇಡದ ಕಡೆ ಅಂಗಾಂಶಕ್ಕೆ ರಕ್ತ ತಪ್ಪಿಸಬಹುದು. ಎಂದು ಕರಗುತ್ತದೆಂಬ ಖಾತ್ರಿಯೂ ಇಲ್ಲ. ಸಮಗಾತ್ರದ, ಹೇಳಿದ ಸಮಯಕ್ಕೆ ಕರಗುವ ಮಣಿಗಳನ್ನು ಮಾಡುವ ಪ್ರಯತ್ನ ಹುಟ್ಟಿದ್ದು ಇಲ್ಲಿಂದ.

ಅವುಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಪಿಷ್ಟದ ಮಣಿಗಳು. ರಕ್ತದಲ್ಲಿರುವ ಅಮೈಲೇಸ್ ಅವನ್ನು ಬೇಗನೆ ಒಡೆದುಹಾಕುತ್ತದೆ, ಅರ್ಧಾಯುಷ್ಯ ಗಂಟೆಯೊಳಗೇ. ಯಕೃತ್ತಿನ ಕ್ಯಾನ್ಸರ್‌ಗೆ ಕೀಮೊ ಔಷಧಿಯ ಜೊತೆ ಕೊಟ್ಟರೆ ಔಷಧಿ ಗಂಟಿನಲ್ಲಿ ಕೆಲಹೊತ್ತು ನಿಲ್ಲುತ್ತದೆ, ಆಮೇಲೆ ಯಕೃತ್ತಿಗೆ ರಕ್ತ ವಾಪಸ್ಸಾಗುತ್ತದೆ. ಎಷ್ಟು ಹೊತ್ತು ತಡೆಯಬೇಕೆಂದು ಮೊದಲೇ ಯೋಚಿಸಿ ಪದಾರ್ಥ ಆರಿಸಿದ್ದು ಕಾಣುತ್ತದೆ. ಕರಗುವ ಹೊಲಿಗೆದಾರದ ಬಳಗದ ಪಿಎಲ್‌ಜಿಎ ಮಣಿಗಳ ಬಗ್ಗೆ ಹಾಗೆ ಹೇಳಲು ಕಷ್ಟ. ಅವು ವಾರಗಟ್ಟಲೆ, ತಿಂಗಳುಗಟ್ಟಲೆ ಕರಗುತ್ತ ಆಮ್ಲ ಬಿಡುತ್ತವೆ, ಸುತ್ತ ಉರಿಯೂತವಾಗಬಹುದು. ಅಷ್ಟರಲ್ಲಿ ಹೆಪ್ಪುಗಟ್ಟಿದ ರಕ್ತ ಗಾಯದ ಕಲೆಯಂಥ ಅಂಗಾಂಶವಾಗಿ ಬದಲಾದರೆ, ಮಣಿ ಮಾಯವಾದರೂ ನಾಳ ಮುಚ್ಚಿಯೇ ಇರುತ್ತದೆ. ಪರೀಕ್ಷಾನಾಳದ ದ್ರಾವಣದಲ್ಲಿ ಮಣಿ ಎಷ್ಟು ದಿನಕ್ಕೆ ಕರಗಿತೆಂದು ಗ್ರಾಫ್ ಬರೆದು ಗೆದ್ದೆವೆನ್ನುವ ಪ್ರಬಂಧಗಳು ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಪ್ರಾಣಿಪ್ರಯೋಗಗಳ ಮಾತೂ ಅಷ್ಟೇ: ಆರೋಗ್ಯವಂತ ಮೊಲದ ಮೂತ್ರಪಿಂಡದಲ್ಲಿ ಸಿಕ್ಕ ಫಲಿತಾಂಶ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಸಿದ ಬಾಣಂತಿಗೆ ಎಷ್ಟರಮಟ್ಟಿಗೆ ಹೊಂದೀತು?

ಉತ್ಸಾಹಕ್ಕೆ ಪೆಟ್ಟು ಬಿದ್ದದ್ದೂ ಉಂಟು. ಮಿದುಳಿನ ಧಮನಿಯ ಉಬ್ಬಿಗೆ ತುಂಬುವ ಪ್ಲಾಟಿನಂ ಕಾಯಿಲ್‌ಗೆ ಕರಗುವ ಪಾಲಿಮರ್ ಲೇಪಿಸಿ 'ಮ್ಯಾಟ್ರಿಕ್ಸ್' ಎಂದು ಮಾರುಕಟ್ಟೆಗೆ ತಂದರು. ಲೇಪ ಕರಗುತ್ತ ಅಂಗಾಂಶ ಬೆಳೆಸಿ ಉಬ್ಬಿನ ಬಾಯಿ ಮುಚ್ಚುತ್ತದೆಂಬ ಎಣಿಕೆ ಹಂದಿಗಳಲ್ಲಿ ಚೆನ್ನಾಗಿಯೇ ಕಂಡಿತ್ತು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದ ಮ್ಯಾಪ್ಸ್ ಅಧ್ಯಯನದಲ್ಲಿ ಮಾತ್ರ ಅದು ಬರೀ ಪ್ಲಾಟಿನಂಗಿಂತ ಮೇಲು ಎನ್ನಿಸಲಿಲ್ಲ. ಸೆರಿಸೈಟ್ ಎಂಬ ಇನ್ನೊಂದು ಕಾಯಿಲ್‌ನ ಕಥೆಯೂ ಅಷ್ಟೇ.

ಇದರ ಎದುರು ಜಪಾನಿನ ಯುಜಿ ಒಕುನೊ ಅವರ ಪ್ರಯೋಗ ಇಡಬೇಕು. ಮೊಣಕಾಲ ಸವೆತದ ನೋವಿಗೆ ಅವರು ಬಳಸಿದ್ದು ಇಮಿಪೆನೆಮ್-ಸಿಲಾಸ್ಟಾಟಿನ್ ಎಂಬ ಆಂಟಿಬಯಾಟಿಕ್. ಕಾಂಟ್ರಾಸ್ಟ್‌ನಲ್ಲಿ ಪೂರ್ತಿ ಕರಗದ ಅದರ ಹರಳುಗಳೇ ನೋವಿನ ಜಾಗದಲ್ಲಿ ಹೊಸದಾಗಿ ಬೆಳೆದ ಸಣ್ಣ ನಾಳಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ನಾಳ ಮುಚ್ಚಲೆಂದು ಯಾರೂ ವಿನ್ಯಾಸ ಮಾಡದ ಔಷಧಿ! ಆದರೆ ಆ ಆಂಟಿಬಯಾಟಿಕ್‌ಗೆ ಅಲರ್ಜಿ ಇರುವವರಿಗೆ ಇದನ್ನು ಕೊಡುವಂತಿಲ್ಲ. ಬೇಗ ಕರಗುವ ಹೊಸ ಮಣಿಗಳಿಗೆ ಅಲ್ಲಿ ನಿಜವಾದ ಕೆಲಸವಿದೆ.