ಸೆರೆಮನೆಯಿಂದ ಮಗಳಿಗೆ: ಒಂದು ವಿಮರ್ಶೆ

ನಮ್ಮ ಮನೆಗಳಲ್ಲಿ ಹನ್ನೆರಡು ಹದಿಮೂರು ವಯಸ್ಸಿನ ಹೆಣ್ಣುಮಗಳಿಗೆ ತಂದೆತಾಯಿಗಳು ಹೇಳುವ ಬುದ್ಧಿಮಾತುಗಳನ್ನು ಒಟ್ಟುಗೂಡಿಸಿ ನೋಡಿದರೆ, ಅವುಗಳಲ್ಲಿ ಬಹುಪಾಲು ‘ಬೇಡ’ ಎಂಬ ಶಬ್ದದಿಂದಲೇ ಮುಗಿಯುವುವು. ಹೊತ್ತು ಮೀರಿ ಹೊರಗಿರಬೇಡ, ಗಟ್ಟಿಯಾಗಿ ನಗಬೇಡ, ಹಿರಿಯರಿಗೆ ಎದುರಾಡಬೇಡ. ಇವೆಲ್ಲವೂ ಆಕೆಯ ಕ್ಷೇಮಕ್ಕಾಗಿಯೇ ಹೇಳಿದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಸ್ತಿಲಿನಾಚೆಯ ಲೋಕದ ಋಣ ತನ್ನ ಮೇಲೆ ಎಷ್ಟಿದೆಯೆಂಬುದನ್ನು ಆ ಮಗುವಿಗೆ ತಿಳಿಸುವವರಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಜವಾಹರಲಾಲ ನೆಹರೂರವರ ‘ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ’ ಎಂಬ ಪತ್ರಸಂಗ್ರಹವನ್ನು ಮತ್ತೊಮ್ಮೆ ಓದುವುದು ಉಚಿತವೆಂದು ತೋರುತ್ತದೆ.

ಈ ಗ್ರಂಥದ ಹುಟ್ಟು ವಿಲಕ್ಷಣವಾದುದು. ೧೯೩೦ರ ಅಕ್ಟೋಬರ್ ೨೬ರಂದು ನೈನಿಯ ಸೆರೆಮನೆಯಲ್ಲಿದ್ದ ತಂದೆಯು ಮಗಳು ಇಂದಿರೆಯ ಹದಿಮೂರನೆಯ ಹುಟ್ಟುಹಬ್ಬಕ್ಕೆಂದು ಒಂದು ಪತ್ರವನ್ನು ಬರೆದರು. ಬಂಧನದಲ್ಲಿರುವವನು ಒಡವೆ ವಸ್ತ್ರಗಳನ್ನು ಕಳುಹಿಸಲಾರನು. ಗೋಡೆಗಳು ತಡೆಯಲಾರದ ಮನಸ್ಸಿನ ಉಡುಗೊರೆಯೊಂದನ್ನೇ ಕೊಡಬಲ್ಲನು. ಹೀಗೆ ಆರಂಭವಾದ ಪತ್ರಗಳು ೧೯೩೩ರ ಆಗಸ್ಟ್ ತಿಂಗಳವರೆಗೆ ಸಾಗಿ, ೧೯೬ ಸಂಖ್ಯೆಯನ್ನು ಮುಟ್ಟಿ, ೧೯೩೪ರಲ್ಲಿ ಪುಸ್ತಕರೂಪದಿಂದ ಹೊರಬಿದ್ದುವು. ಬಳಿಯಲ್ಲಿ ಗ್ರಂಥಭಂಡಾರವಿಲ್ಲದೆ, ಓದಿ ಗುರುತುಮಾಡಿಕೊಂಡ ಟಿಪ್ಪಣಿಗಳ ಆಧಾರದಿಂದಲೇ ಇಷ್ಟನ್ನು ಬರೆದುದು ಸಾಮಾನ್ಯವಲ್ಲ.

ಮೊದಲನೆಯ ಪತ್ರವೇ ಈ ವಿಷಯದಲ್ಲಿ ನಮಗೆ ಮುಖ್ಯವಾದುದು. ತನಗೆ ಉಪದೇಶಮಾಡುವುದು ರುಚಿಸದೆಂದು ತಂದೆಯು ಅಲ್ಲಿ ಒಪ್ಪಿಕೊಂಡು, ಚೀನದ ಯಾತ್ರಿಕನಾದ ಹ್ಯೂಯೆನ್‌ತ್ಸಾಂಗನು ಹೇಳಿದ ಒಂದು ಕಥೆಯನ್ನು ನೆನೆಯುತ್ತಾರೆ. ತನ್ನೊಳಗಿನ ಅತಿಜ್ಞಾನದಿಂದ ಹೊಟ್ಟೆಯೊಡೆದೀತೆಂದು ತಾಮ್ರದ ತಗಡು ಬಿಗಿದುಕೊಂಡು, ಅಜ್ಞಾನಿಗಳಿಗೆ ಬೆಳಕು ತೋರಲು ತಲೆಯ ಮೇಲೆ ಪಂಜು ಹೊತ್ತು ತಿರುಗಿದ ಮಹಾಪಂಡಿತನೊಬ್ಬನ ಕಥೆಯದು. ಮಕ್ಕಳಿಗೆ ಬುದ್ಧಿ ಹೇಳಹೊರಟ ನಮ್ಮಲ್ಲಿ ಎಷ್ಟು ಮಂದಿ ಆ ತಗಡನ್ನು ಬಿಗಿದುಕೊಂಡವರಲ್ಲ? ತನ್ನನ್ನೇ ನಗೆಗೀಡುಮಾಡಿಕೊಂಡ ತಂದೆಯ ಮಾತಿಗೆ ಮಗಳು ಕಿವಿಗೊಡುವಳು. ಇದು ಪತ್ರಗಳ ಮೊದಲನೆಯ ಗುಣ. ಬಳಿಕ ಅವರು ಕೊಡುವ ನಿಯಮ ಒಂದೇ: ಗುಟ್ಟಾಗಿ ಏನನ್ನೂ ಮಾಡಬಾರದು, ಮರೆಮಾಚಬೇಕೆನಿಸುವ ಕಾರ್ಯಕ್ಕೆ ಕೈಹಾಕಬಾರದು. ಇದು ‘ಬೇಡ’ಗಳ ಪಟ್ಟಿಯಲ್ಲ, ಮಗಳು ತಾನೇ ಹಿಡಿದು ನೋಡಿಕೊಳ್ಳಬಹುದಾದ ಒರೆಗಲ್ಲು. ಎರಡನೆಯ ಗುಣವೆಂದರೆ, ಆಕೆಯನ್ನು ಒಂದು ಕುಲದ ಮಗಳೆಂದಷ್ಟೇ ಎಣಿಸದೆ, ಗ್ರೀಸ್, ಚೀನ, ಅರಬದೇಶಗಳ ಜನರ ಸುಖದುಃಖಗಳಿಗೂ ಬಾಧ್ಯಳೆಂದು ಭಾವಿಸಿರುವುದು.

ದೋಷಗಳನ್ನೂ ಹೇಳದಿದ್ದರೆ ವಿಮರ್ಶೆಯು ಸ್ತುತಿಯಾದೀತು. ಗ್ರಂಥವು ಮುಂದುವರಿದಂತೆ ಮಗಳು ಹಿಂದೆ ಸರಿದು, ಸಾಮ್ರಾಜ್ಯಗಳೂ ಅರ್ಥಶಾಸ್ತ್ರವೂ ಪುಟಗಳನ್ನು ತುಂಬುತ್ತವೆ. ಪತ್ರಗಳಲ್ಲಿ ಅನೇಕವು ಬರೆದೊಡನೆ ಆಕೆಯ ಕೈಸೇರಲಿಲ್ಲ. ಪ್ರಶ್ನೆ ಕೇಳಬೇಕಾದ ವಯಸ್ಸಿನ ಹುಡುಗಿಗೆ ಸಂಭಾಷಣೆಯ ಬದಲು ಸಂಪುಟವೇ ದೊರೆಯಿತು. ಇದು ಸೆರೆಮನೆಯ ತಪ್ಪೇ ಹೊರತು ತಂದೆಯದಲ್ಲ. ಆದರೂ ಕೊರತೆಯು ಕೊರತೆಯೇ. ಇನ್ನೊಂದು ಸಂಗತಿಯನ್ನು ಓದುಗರು ಮರೆಯುವುದುಂಟು. ತಂದೆಯು ಬರೆಯುತ್ತಿದ್ದ ಕಾಲದಲ್ಲಿಯೇ ತಾಯಿ ಕಮಲಾದೇವಿಯವರು ಅಲಹಾಬಾದಿನಲ್ಲಿ ಪರದೇಶದ ಬಟ್ಟೆಯಂಗಡಿಗಳ ಮುಂದೆ ನಿಂತು ಪಿಕೆಟಿಂಗ್ ನಡೆಸಿ, ೧೯೩೧ರ ಜನವರಿ ಒಂದರಂದು ತಾವೂ ಬಂಧನಕ್ಕೊಳಗಾದರು. ಅವರು ಇಂತಹ ಗ್ರಂಥವನ್ನೇನೂ ಬರೆಯಲಿಲ್ಲ. ಆದರೆ ಮಗಳ ಕಣ್ಣೆದುರಿಗೆ ನಡೆದುದು ಆ ಪಾಠವೇ. ಮಾತಿನ ಶಿಕ್ಷಣಕ್ಕೆ ಕೀರ್ತಿ ಬಂದು, ನಡತೆಯ ಶಿಕ್ಷಣವು ಹೆಸರಿಲ್ಲದೆ ಉಳಿಯುವುದು ನಮ್ಮ ಸಂಸಾರಗಳಲ್ಲಿಯೂ ಕಾಣುವ ಅನ್ಯಾಯ.

ಕಡೆಯದಾಗಿ ಒಂದು ಕಹಿಪ್ರಶ್ನೆ. ಇದೇ ಮಗಳು ದೇಶದ ಪ್ರಧಾನಿಯಾಗಿ ೧೯೭೫ರ ಜೂನ್ ೨೫ರಂದು ತುರ್ತುಪರಿಸ್ಥಿತಿಯು ಘೋಷಿತವಾಗುವಂತೆ ಮಾಡಿದರು; ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತು; ವಿರೋಧಪಕ್ಷದವರು ವಿಚಾರಣೆಯಿಲ್ಲದೆ ಸೆರೆಮನೆ ಸೇರಿದರು. ಹಾಗಾದರೆ ನೈನಿಯಿಂದ ಬಂದ ಪತ್ರವು ನಿಷ್ಫಲವಾಯಿತೆ? ನಾನು ಹಾಗೆನ್ನಲಾರೆ. ಜನಸೇವೆಗೆ ಆಯುಷ್ಯವನ್ನೇ ಕೊಡಬೇಕೆಂಬ ಹಂಬಲವನ್ನು ಆ ಶಿಕ್ಷಣವು ಬೆಳೆಸಿರಬೇಕು. ಅಧಿಕಾರದ ಮೋಹದಿಂದ ಎಂದಿಗೂ ಕಾಯುವ ಕವಚವನ್ನು ಯಾವ ತಂದೆಯೂ ತೊಡಿಸಲಾರನು. ಆದರೆ ಆ ಕಾಲದ ನಡತೆಯನ್ನು ಅಳೆಯಲು ಬೇರೆ ಅಳತೆಗೋಲನ್ನು ಹುಡುಕಬೇಕಾಗಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ತಂದೆ ಕೊಟ್ಟ ಒರೆಗಲ್ಲೇ ಸಾಕು.

ತಂದೆತಾಯಿಗಳು ಇದರಿಂದ ಕಲಿಯಬೇಕಾದುದು ಇಷ್ಟೆ. ಮಗಳು ಮುಂದೆ ಏನಾಗುವಳೆಂಬುದು ನಮ್ಮ ಕೈಯಲ್ಲಿಲ್ಲ. ನಾವು ಕಣ್ಮರೆಯಾದ ಮೇಲೆಯೂ ಆಕೆಯು ತನ್ನನ್ನು ತಾನೇ ಒರೆಹಚ್ಚಿ ನೋಡಿಕೊಳ್ಳುವಂತೆ ಒಂದು ಪ್ರಾಮಾಣಿಕವಾದ ಮಾತನ್ನು ಕೊಟ್ಟು ಹೋಗುವುದೂ, ಅದರಂತೆ ತಾವು ನಡೆದು ತೋರಿಸುವುದೂ ನಮ್ಮ ಕೈಯಲ್ಲಿದೆ.