ಅದೇ ಪಂಕ್ತಿಯಲ್ಲಿ

ಡಿಸೆಂಬರ್ ಬಂದರೆ ಕೋಲಾರದ ಚಳಿಯಲ್ಲಿ ಕ್ಯಾರಲ್ ಹಾಡುವ ಮಕ್ಕಳ ದನಿ ಕೇಳುತ್ತದೆ. ಆಗೆಲ್ಲ ನನಗೆ ನೆನಪಾಗುವುದು ಇಂಗ್ಲೆಂಡಿನ ಜೆತ್ರೋ ಟಲ್ ತಂಡದ ‘ಎ ಕ್ರಿಸ್‌ಮಸ್ ಸಾಂಗ್’. ಜಾನಪದದ ಧಾಟಿ ಬೆರೆತ ಈ ರಾಕ್ ಹಾಡನ್ನು 1968ರಲ್ಲಿ ಬರೆದು ಹಾಡಿದವನು ಇಯಾನ್ ಆ್ಯಂಡರ್ಸನ್.

ಸೆಸಿಲ್ ಫ್ರಾನ್ಸಿಸ್ ಅಲೆಕ್ಸಾಂಡರ್ ಎಂಬಾಕೆ 1848ರಲ್ಲಿ ಮಕ್ಕಳಿಗೆಂದೇ ಪ್ರಕಟಿಸಿದ ಸ್ತೋತ್ರದ ಮಾತುಗಳಿಂದಲೇ ಹಾಡು ಶುರುವಾಗುತ್ತದೆ: ದನದ ಕೊಟ್ಟಿಗೆ, ತಾಯಿ, ಹಸುಗೂಸು. ಆಮೇಲೆ ದನಿ ಗಡುಸಾಗುತ್ತದೆ. ಹೊಟ್ಟೆ ಬಿರಿಯೆ ತಿಂದು ಕುಡಿಯುವವರನ್ನು ತಡೆದು, ಹಬ್ಬವೆಂದರೆ ಇದೇ ಏನು ಎಂದು ಕೇಳುತ್ತದೆ. ಅಲ್ಲಿಗೇ ಮುಗಿದಿದ್ದರೆ ಅದು ನಮ್ಮಂಥ ಉಪಾಧ್ಯಾಯರ ಉಪದೇಶವಾಗುತ್ತಿತ್ತು. ಆದರೆ ಕಟ್ಟಕಡೆಗೆ ಹಾಡುಗಾರ ಸಾಂತಾಕ್ಲಾಸನನ್ನೇ ಕರೆದು ತನಗೂ ಸೀಸೆ ಕೇಳುತ್ತಾನೆ! ಕೆಲವರಿಗೆ ಇದು ಕುಚೋದ್ಯ ಎನಿಸೀತು. ನನಗೆ ಹಾಡಿನ ಸತ್ವ ಇರುವುದೇ ಇಲ್ಲಿ. ಬೈದವನೂ ಅದೇ ಪಂಕ್ತಿಯಲ್ಲಿ ಕೂತವನು.

ಯುಗಾದಿಯ ಮಾರನೆಯ ದಿನ ತರಗತಿಯಲ್ಲಿ “ಯಾರ ಮನೇಲಿ ಏನೇನು ಅಡುಗೆ?” ಎಂದು ಕೇಳುವುದು ನನ್ನ ವಾಡಿಕೆಯಾಗಿತ್ತು. ಒಮ್ಮೆ ಒಬ್ಬ ಹುಡುಗಿ “ಏನೂ ಮಾಡಲಿಲ್ಲ ಮಿಸ್” ಎಂದು ತಲೆ ತಗ್ಗಿಸಿದಳು. ಅದಕ್ಕೆ ಮುಂಚಿನ ವಾರವಷ್ಟೇ ಹಬ್ಬಗಳ ಒಳ ಅರ್ಥವನ್ನು ಪಾಠ ಮಾಡಿದವಳು ನಾನೇ. ಆಮೇಲೆ ಆ ಪ್ರಶ್ನೆಯನ್ನು ನಾನು ಯಾರಿಗೂ ಕೇಳಲಿಲ್ಲ.