ಕಸ್ಬಾದಲ್ಲಿ ಕಸ್ಬಾದವರೆಲ್ಲಿ?

ಜೂಲಿಯನ್ ದುವಿವಿಯೆಯ ಫ್ರೆಂಚ್ ಚಿತ್ರ 'ಪೆಪೆ ಲ ಮೊಕೊ' (1937) ಮರುವರ್ಷವೇ ಹಾಲಿವುಡ್‌ನಲ್ಲಿ 'ಅಲ್ಜಿಯರ್ಸ್' ಆಯಿತು. ಮೂಲದ ಕೆಲವು ದೃಶ್ಯಗಳನ್ನೂ ಹಾಗೆಯೇ ಎತ್ತಿಕೊಂಡರು. ಅಲ್ಜಿಯರ್ಸ್ ನಗರದ ಹಳೆಯ ಪೇಟೆ ಕಸ್ಬಾದಲ್ಲಿ ಅಡಗಿದ್ದ ಪ್ಯಾರಿಸ್ಸಿನ ಕಳ್ಳ ಪೆಪೆ, ಹೆಣ್ಣೊಬ್ಬಳಿಗಾಗಿ ಹೊರಬಂದು ಸಿಕ್ಕಿಬೀಳುತ್ತಾನೆ. ಫ್ರೆಂಚ್ ಚಿತ್ರದಲ್ಲಿ ಅವನು ಬಂದರಿನ ಗೇಟಿನ ಬಳಿ ತಾನೇ ಪ್ರಾಣ ಬಿಡುತ್ತಾನೆ. ಹಾಲಿವುಡ್‌ನ ಸೆನ್ಸಾರ್ ನೀತಿಗೆ ಆತ್ಮಹತ್ಯೆ ಒಗ್ಗಲಿಲ್ಲ. ಪೊಲೀಸರ ಗುಂಡು ಹಾರಿತು. ಕೊನೆಯ ನಿರ್ಧಾರವನ್ನೂ ಕಸಿದುಕೊಂಡ ಮೇಲೆ ಉಳಿದದ್ದು ಬರೀ ಪೊಲೀಸ್ ಕಥೆ.

ಮೂಲವೇ ಮೇಲು, ಸಂಶಯವಿಲ್ಲ. ಆದರೆ ಕಸ್ಬಾದ ಮುಸ್ಲಿಮರು ಎರಡರಲ್ಲೂ ಬಹುಮಟ್ಟಿಗೆ ಹಿನ್ನೆಲೆಯ ಗುಂಪು. ಇನ್‌ಸ್ಪೆಕ್ಟರ್ ಸ್ಲಿಮಾನ್‌ಗೆ ಮಾತಿದೆ ನಿಜ, ಆತ ವಸಾಹತು ಸರಕಾರದ ಕುತಂತ್ರಿ. ನಟಿಸಿದವರೋ, ಮೂಲದಲ್ಲಿ ರುಮೇನಿಯಾದವರು, ಮರುನಿರ್ಮಾಣದಲ್ಲಿ ಮಾಲ್ಟಾದವರು! ಆ ಗಲ್ಲಿಗಳ ಜನ ತಮ್ಮದೇ ಕಥೆಗಾಗಿ ಕ್ಯಾಮೆರಾದೆದುರು ನಿಂತದ್ದು 1966ರ 'ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್'ನಲ್ಲಿ.